ಅತ್ತೆಯ ದ್ರಾಕ್ಷಿ, ಅಣ್ಣನ ಕ್ರ್ಯಾನ್‌ಬೆರಿ

ಪ್ರಶ್ನೆ: ಮೇಡಂ, ನನ್ನದು ತುಮಕೂರು ಜಿಲ್ಲೆ. ಮದುವೆಯಾಗಿ ಬಂದದ್ದು ತಮಿಳುನಾಡಿನ ತೇನಿ ಜಿಲ್ಲೆಗೆ, ಕಂಬಂ ಹತ್ತಿರದ ಒಂದು ಹಳ್ಳಿಗೆ. ತಲೆಮಾರುಗಳ ಹಿಂದೆ ಈ ಕಡೆ ಬಂದು ನೆಲೆಸಿದ ಒಕ್ಕಲಿಗರ ಮನೆ. ಒಳಗೆ ಕನ್ನಡ, ಓದು ಬರಹವೆಲ್ಲ ತಮಿಳು. ಪನ್ನೀರ್ ದ್ರಾಕ್ಷಿ ತೋಟ ಇದೆ. ನನ್ನ ಅಣ್ಣ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾನೆ. ಈ ಸಲ ಊರಿಗೆ ಬಂದಾಗ ಎರಡು ಕಿಲೋ ಒಣ ಕ್ರ್ಯಾನ್‌ಬೆರಿ ತಂದುಕೊಟ್ಟ. ನಮ್ಮ ಅತ್ತೆಗೆ ಆಗಾಗ ಉರಿಮೂತ್ರ ಬರುತ್ತದೆ, ಇದನ್ನು ತಿಂದರೆ ಹೋಗುತ್ತದೆ ಎಂದು ಅತ್ತಿಗೆ ಹೇಳಿ ಕಳಿಸಿದ್ದರು. ಅತ್ತೆ ಪೊಟ್ಟಣ ನೋಡಿ, ‘ಚಪ್ಪರದ ತುಂಬ ಹಣ್ಣು ತೂಗ್ತಾ ಇದೆ, ಕೇಳೋರಿಲ್ಲ. ಇವರು ಸಮುದ್ರ ದಾಟಿಸಿ ಒಣಗಿದ್ದನ್ನ ತಂದವ್ರೆ’ ಅಂದರು. ಮುಟ್ಟಲಿಲ್ಲ. ಮಾವನಿಗೆ ಸಕ್ಕರೆ ಕಾಯಿಲೆ ಇದೆ, ಹೃದಯದ ಕವಾಟ ಬದಲಿಸಿದ ಮೇಲೆ ರಕ್ತ ತೆಳುವಾಗುವ ಗುಳಿಗೆಯನ್ನೂ ತಗೋತಾರೆ. ಅವರು ಮಾತ್ರ ಇಷ್ಟಪಟ್ಟು ತಿಂತಾರೆ. ನಾಲ್ಕು ವರ್ಷದ ಮಗ ಮುಷ್ಟಿಗಟ್ಟಲೆ ತಿಂದು ಊಟ ಬಿಡುತ್ತಿದ್ದಾನೆ. ಎರಡು ಕಿಲೋ ಏನು ಮಾಡಲಿ? ಅಡುಗೆಗೆ ಹಾಕಬಹುದಾ? ಬಿಸಾಕಲು ಮನಸ್ಸಿಲ್ಲ. ಅಣ್ಣ ಫೋನ್ ಮಾಡಿದಾಗಲೆಲ್ಲ ‘ಅತ್ತೆ ತಿಂತಾರಾ?’ ಅಂತ ಕೇಳ್ತಾನೆ. ಹೂಂ ಅಂತ ಸುಳ್ಳು ಹೇಳಿ ಸಾಕಾಗಿದೆ.

ಉತ್ತರ: ನಿಮ್ಮ ಮಾವನ ವಿಷಯ ಮೊದಲು ಮುಗಿಸೋಣ, ಉಳಿದದ್ದು ಒಂದು ವಾರ ಕಾದರೂ ನಡೆಯುತ್ತದೆ. ಅವರ ಗುಳಿಗೆ ಚೀಟಿಯಲ್ಲಿ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಎಂಬ ಹೆಸರಿದೆಯೇ ನೋಡಿ. ಕವಾಟ ಬದಲಿಸಿದವರಿಗೆ ಸಾಮಾನ್ಯವಾಗಿ ಕೊಡುವುದು ಇವನ್ನೇ. ವಾರ್ಫರಿನ್ ತೆಗೆದುಕೊಳ್ಳುವವರು ಕ್ರ್ಯಾನ್‌ಬೆರಿ ರಸದ ಬಗ್ಗೆ ಹುಷಾರಾಗಿರಬೇಕೆಂದು ಬ್ರಿಟನ್ನಿನ ಔಷಧ ಸುರಕ್ಷಾ ಸಮಿತಿ 2003ರಲ್ಲೇ ಎಚ್ಚರಿಸಿತ್ತು. ಆಮೇಲೆ ನಡೆದ ಪರೀಕ್ಷೆಗಳಲ್ಲಿ ಸಾಧಾರಣ ಪ್ರಮಾಣದಿಂದ ದೊಡ್ಡ ತೊಂದರೆ ಕಾಣಲಿಲ್ಲ, ನಿಜ. ಆದರೂ ಅವರ ರಕ್ತದ ಐಎನ್‌ಆರ್ ಪರೀಕ್ಷೆ ನೋಡುವ ಡಾಕ್ಟರಿಗೆ ಒಂದು ಮಾತು ತಿಳಿಸದೆ ದಿನಾ ಹಿಡಿಗಟ್ಟಲೆ ತಿನ್ನುವುದು ಬೇಡ. ಗುಳಿಗೆಯ ಮಾತು ಬಿಟ್ಟರೂ ಸಕ್ಕರೆ ಇದ್ದೇ ಇದೆ. ಪೊಟ್ಟಣ ತಿರುಗಿಸಿ ಹಿಂದಿನ ಅಕ್ಷರ ಓದಿ: ಕ್ರ್ಯಾನ್‌ಬೆರಿ, ಸಕ್ಕರೆ, ಸೂರ್ಯಕಾಂತಿ ಎಣ್ಣೆ. ತಾಜಾ ಕ್ರ್ಯಾನ್‌ಬೆರಿಯಲ್ಲಿ ಸಿಹಿ ಇಲ್ಲವೆಂದೇ ಹೇಳಬೇಕು, 100 ಗ್ರಾಂಗೆ 4 ಗ್ರಾಂ ಆಸುಪಾಸು. ಆ ಹುಳಿ ಬಾಯಿಗೆ ಇಡಲಾಗದ್ದರಿಂದ ಹಣ್ಣನ್ನು ಸೀಳಿ, ಸಕ್ಕರೆ ಪಾಕ ಕುಡಿಸಿ ಒಣಗಿಸುತ್ತಾರೆ. ಒಣಗಿದ ಮೇಲೆ 100 ಗ್ರಾಂನಲ್ಲಿ ಸುಮಾರು 70 ಗ್ರಾಂ ಸಕ್ಕರೆಯೇ. ನಿಮ್ಮ ಮಾವ ಟಿವಿ ಮುಂದೆ ಕೂತು ಒಂದು ಹಿಡಿ, ಅಂದರೆ 30 ಗ್ರಾಂ ಬಾಯಿಗೆ ಹಾಕಿಕೊಂಡರೆ ನಾಲ್ಕೈದು ಚಮಚ ಸಕ್ಕರೆ ಹೊಟ್ಟೆ ಸೇರಿತು. ಕಾಫಿಗೆ ಸಕ್ಕರೆ ಬೇಡ ಎಂದು ದಿನಾ ತ್ಯಾಗ ಮಾಡುವವರು ಇವರೇ ಅಲ್ಲವೇ?

ಇನ್ನು ಅತ್ತೆ. ಅತ್ತಿಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅರ್ಧ. ಉರಿಮೂತ್ರಕ್ಕೆ ಹೆಚ್ಚಿನ ಸಲ ಕಾರಣ ಇ. ಕೋಲಿ ಎಂಬ ಬ್ಯಾಕ್ಟೀರಿಯ. ಅದು ಮೂತ್ರಕೋಶದ ಗೋಡೆಗೆ ಅಂಟಿಕೊಂಡು ಬೆಳೆಯುತ್ತದೆ. ಕ್ರ್ಯಾನ್‌ಬೆರಿಯ ಒಂದು ಬಗೆಯ ಒಗರು ಅಂಶ ಹಾಗೆ ಅಂಟಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ ಎಂಬುದು ಲೆಕ್ಕಾಚಾರ. ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟು ಹಾಕಿ ಅಳೆಯುವ ಕಾಕ್ರೇನ್ ಸಂಸ್ಥೆ 2023ರಲ್ಲಿ 50 ಅಧ್ಯಯನಗಳನ್ನು, 8,857 ಜನರ ವಿವರವನ್ನು ನೋಡಿತು. ಪದೇ ಪದೇ ಸೋಂಕು ಬರುವ ಹೆಂಗಸರಲ್ಲಿ ಮತ್ತೆ ಬರುವ ಸಂಭವ ಕಾಲು ಭಾಗದಷ್ಟು ತಗ್ಗಿತ್ತು. ಗರ್ಭಿಣಿಯರಿಗೆ, ವೃದ್ಧಾಶ್ರಮಗಳಲ್ಲಿರುವ ವಯಸ್ಸಾದವರಿಗೆ ಉಪಯೋಗ ಕಾಣಲಿಲ್ಲ. ಗಮನಿಸಿ, ಇದು ಬಾರದಂತೆ ತಡೆಯುವ ಮಾತು. ಬಂದದ್ದನ್ನು ವಾಸಿ ಮಾಡುವ ಮಾತಲ್ಲ. ಇನ್ನೊಂದು, ಆ ಪರೀಕ್ಷೆಗಳಲ್ಲಿ ಕೊಟ್ಟದ್ದು ಹೆಚ್ಚಾಗಿ ರಸ, ಮಾತ್ರೆ, ಪುಡಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2020ರಲ್ಲಿ ಕ್ರ್ಯಾನ್‌ಬೆರಿ ಪಾನೀಯ ಮತ್ತು ಮಾತ್ರೆಗಳ ಮೇಲೆ ಉರಿಮೂತ್ರದ ಬಗ್ಗೆ ಒಂದು ಮಾತು ಹಾಕಿಕೊಳ್ಳಲು, ‘ಪುರಾವೆ ಸೀಮಿತ’ ಎಂಬ ಷರತ್ತಿನೊಡನೆ, ಒಪ್ಪಿತು. ಒಣ ಕ್ರ್ಯಾನ್‌ಬೆರಿಗೆ ಆ ಒಪ್ಪಿಗೆ ಇಲ್ಲ ಎಂದು ಬಿಡಿಸಿ ಹೇಳಿತು. ಹಣ್ಣು ಬೆಳೆಯುವ ದೇಶದವರೇ ಕೊಡದ ಪಟ್ಟವನ್ನು ನಾವು ಕಂಬಂನಲ್ಲಿ ಕೂತು ಕಟ್ಟುವುದು ಬೇಡ.

ನನಗೆ ಅನುಮಾನ ಇರುವುದು ಬೇರೆ ಕಡೆ. ನಿಮ್ಮ ಅತ್ತೆ ಬೆಳಿಗ್ಗೆ ಆರಕ್ಕೆ ಚಪ್ಪರದ ಕೆಳಗೆ ಹೋದರೆ ಮಧ್ಯಾಹ್ನದವರೆಗೆ ಅಲ್ಲೇ ಇರುತ್ತಾರೆ ಅನ್ನಿಸುತ್ತದೆ. ಗೊನೆ ಬಿಡಿಸುವುದು, ಎಲೆ ಚಿವುಟುವುದು, ಕೂಲಿಯವರ ಲೆಕ್ಕ. ತೋಟದಲ್ಲಿ ಶೌಚಾಲಯ ಇದೆಯೇ? ಇಲ್ಲದಿದ್ದರೆ ಹೆಂಗಸರು ಏನು ಮಾಡುತ್ತಾರೆಂದು ನಿಮಗೂ ಗೊತ್ತು, ನನಗೂ ಗೊತ್ತು. ನೀರೇ ಕುಡಿಯುವುದಿಲ್ಲ, ಬಂದರೂ ತಡೆದುಕೊಳ್ಳುತ್ತಾರೆ. ಮತ್ತೆ ಮತ್ತೆ ಬರುವ ಉರಿಮೂತ್ರಕ್ಕೆ ಇದಕ್ಕಿಂತ ದೊಡ್ಡ ದಾರಿ ಬೇಕಿಲ್ಲ. ಪಂಪ್‌ಸೆಟ್ ಮನೆ ಪಕ್ಕ ನಾಲ್ಕು ತಗಡಿನ ಮರೆ, ಒಂದು ಬಕೆಟ್ ನೀರು, ಒಂದು ಗುಂಡಿ ಕಕ್ಕಸು ಕಟ್ಟಿಸಲು ನಿಮ್ಮ ಯಜಮಾನರಿಗೆ ಹೇಳಿ. ಕೂಲಿಗೆ ಬರುವ ಹೆಂಗಸರೂ ನೆನೆಯುತ್ತಾರೆ. ಸಕ್ಕರೆ ಕಾಯಿಲೆ ಅತ್ತೆಗೂ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ. ಉರಿ ಶುರುವಾದಾಗ ಮೂತ್ರದ ಕಲ್ಚರ್ ಮಾಡಿಸಿ, ಡಾಕ್ಟರು ಬರೆದುಕೊಟ್ಟಷ್ಟು ದಿನ ಗುಳಿಗೆ ನುಂಗಿಸಿ. ಎರಡು ದಿನಕ್ಕೆ ಉರಿ ನಿಂತಿತು ಎಂದು ಅರ್ಧಕ್ಕೆ ಬಿಡುವುದು ಬೇಡ. ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು, ಮೂತ್ರದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಕಂಬಂ ಆಸ್ಪತ್ರೆಗೋ ತೇನಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಹೊರಡಿ.

ಮಗನಿಗೆ ಡಬ್ಬಿ ಕೈಗೆ ಸಿಗದಂತೆ ಮೇಲಿಡಿ, ಅಷ್ಟೇ. ಇದು ಹಲ್ಲಿಗೆ ಅಂಟುವ ಸಿಹಿ. ಆ ವಯಸ್ಸಿನವರು ಓಡುತ್ತ ಬಾಯಿ ತುಂಬಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳುವ ಭಯವೂ ಇದೆ. ಊಟದ ಜೊತೆ, ಹೆಚ್ಚಿ, ಏಳೆಂಟು ಚೂರು ಕೊಟ್ಟರೆ ಸಾಕು.

ಈಗ ಎರಡು ಕಿಲೋ ಪ್ರಶ್ನೆಗೆ ಬರೋಣ. ನೀವು, ನಿಮ್ಮ ಅಣ್ಣ, ನಿಮ್ಮ ಅತ್ತೆ ಮೂವರೂ ಈ ಹಣ್ಣನ್ನು ಒಣದ್ರಾಕ್ಷಿಯ ಪಕ್ಕದಲ್ಲಿಟ್ಟು ನೋಡುತ್ತಿದ್ದೀರಿ. ಜಗಳ ಅಲ್ಲೇ ಹುಟ್ಟಿದೆ. ಅದನ್ನು ಅಲ್ಲಿಂದ ತೆಗೆದು ಹುಣಸೆಹಣ್ಣಿನ ಭರಣಿ ಪಕ್ಕ ಇಡಿ. ಕ್ರ್ಯಾನ್‌ಬೆರಿ ಮೂಲದಲ್ಲಿ ಒಂದು ಹುಳಿ. ಸಕ್ಕರೆ ಕುಡಿಸಿರುವುದರಿಂದ ಹುಳಿ, ಸಿಹಿ ಎರಡೂ ಒಟ್ಟಿಗಿವೆ. ಯಾವ ಅಡುಗೆಗೆ ನೀವು ಹುಣಸೆಹಣ್ಣನ್ನೂ ಬೆಲ್ಲವನ್ನೂ ಹಾಕುತ್ತೀರೋ ಅಲ್ಲಿ ಇದಕ್ಕೆ ಜಾಗ ಇದೆ. ತುಮಕೂರು ಸೀಮೆಯಲ್ಲಿ ಹುಟ್ಟಿದವರಿಗೆ ಅಂಥ ಅಡುಗೆಗಳ ಪಟ್ಟಿ ಬೇಕೆ? ತಮಿಳುನಾಡಿನವರು ಸಾಂಬಾರಿಗೆ ಬೆಲ್ಲ ಹಾಕುವ ನಮ್ಮನ್ನು ನೋಡಿ ನಗುತ್ತಾರೆ, ಇರಲಿ, ಆ ಬೆಲ್ಲ ಈಗ ನಿಮ್ಮ ಕೈ ಹಿಡಿಯುತ್ತದೆ.

ಹಾಗಲಕಾಯಿ ಗೊಜ್ಜಿನಿಂದ ಶುರು ಮಾಡಿ. ಕಾಲು ಕಿಲೋ ಹಾಗಲಕಾಯಿಗೆ 50 ಗ್ರಾಂ ಕ್ರ್ಯಾನ್‌ಬೆರಿ, ಅಂದರೆ ದೊಡ್ಡ ಹಿಡಿ ಒಂದೂವರೆ. ಬಟ್ಟಲಲ್ಲಿ ಹಾಕಿ ಬಿಸಿನೀರು ಸುರಿಯಿರಿ. ಹಾಕಿದ ಕೂಡಲೇ ಮೇಲೆ ಎಣ್ಣೆಯ ಪಸೆ ತೇಲುತ್ತದೆ. ಒಂದಕ್ಕೊಂದು ಅಂಟದಿರಲಿ ಎಂದು ಕಾರ್ಖಾನೆಯಲ್ಲಿ ಸವರಿದ ಸೂರ್ಯಕಾಂತಿ ಎಣ್ಣೆ ಅದು. ಆ ಮೊದಲ ನೀರನ್ನು ಬಸಿದು ಚೆಲ್ಲಿ, ಒಂದಿಷ್ಟು ಸಕ್ಕರೆಯೂ ಜೊತೆಗೆ ಹೋಗುತ್ತದೆ. ಮತ್ತೆ ಅರ್ಧ ಲೋಟ ಬಿಸಿನೀರು ಹಾಕಿ ಕಾಲು ಗಂಟೆ ಬಿಡಿ. ಸುಕ್ಕು ಬಿಚ್ಚಿಕೊಂಡು ಸಿಪ್ಪೆ ಉಬ್ಬುತ್ತದೆ, ನೀರು ಕೆಂಪಾಗುತ್ತದೆ. ಈ ನೀರು ಚೆಲ್ಲಬೇಡಿ. ಅಷ್ಟರಲ್ಲಿ ಕಡಲೆಬೇಳೆ, ಉದ್ದಿನಬೇಳೆ, ಧನಿಯ, ನಾಲ್ಕು ಕಾಳು ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ, ಎಳ್ಳು, ಕೊಬ್ಬರಿ ಹುರಿದು ಪುಡಿ ಮಾಡಿಕೊಳ್ಳಿ. ಎಳ್ಳೆಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು ಸಿಡಿಸಿ ಹಾಗಲಕಾಯಿಯನ್ನು ಅಂಚು ಕಂದಾಗುವವರೆಗೆ ಬಾಡಿಸಿ. ನೆನೆದ ಹಣ್ಣನ್ನು ನೀರಿನ ಸಮೇತ ಸುರಿದು, ಉಪ್ಪು, ಅರಿಸಿನ ಹಾಕಿ ಕುದಿಸಿ. ಸೌಟಿನ ಬೆನ್ನಿನಿಂದ ಅರ್ಧದಷ್ಟು ಹಣ್ಣನ್ನು ಜಜ್ಜಿ, ಉಳಿದದ್ದು ಇಡಿಯಾಗಿರಲಿ. ಈಗ ರುಚಿ ನೋಡಿ. ಹುಳಿ ಸಾಲದೆನ್ನಿಸುತ್ತದೆ, ಯಾಕೆಂದರೆ ಪಾಕದ ಸಿಹಿ ಮುಂದೆ ಬಂದಿರುತ್ತದೆ. ಗೋಲಿಯಷ್ಟು ಹುಣಸೆಹಣ್ಣು ಕಿವುಚಿ ಬಿಡಿ. ಬೆಲ್ಲ ಮಾತ್ರ ಮುಟ್ಟಬೇಡಿ. ಪುಡಿ ಹಾಕಿ, ಎಣ್ಣೆ ಬಿಡುವವರೆಗೆ ಸಣ್ಣ ಉರಿಯಲ್ಲಿ ಬೇಯಲಿ. ಕಹಿಯ ನಡುವೆ ಆ ಇಡಿ ಹಣ್ಣು ಹಲ್ಲಿಗೆ ಸಿಕ್ಕಾಗ ಯಾಕೆ ಬೆಲ್ಲ ಬೇಡ ಅಂದೆ ಎಂದು ನಿಮಗೇ ತಿಳಿಯುತ್ತದೆ. ಲೆಕ್ಕವನ್ನೂ ಹೇಳುತ್ತೇನೆ: ಮೊದಲ ನೀರು ಚೆಲ್ಲದೇ ಇದ್ದರೂ 50 ಗ್ರಾಂನಲ್ಲಿ 35 ಗ್ರಾಂ ಸಕ್ಕರೆ, ಐದು ಜನ ಹಂಚಿಕೊಂಡರೆ ತಲೆಗೆ 7 ಗ್ರಾಂ. ಮಾವನಿಗೆ ಒಂದು ಚಮಚ ಗೊಜ್ಜು ಬಡಿಸಲು ಹೆದರಬೇಕಿಲ್ಲ.

ಇದೇ ಜಾಡಿನಲ್ಲಿ ಸಿಹಿಗುಂಬಳಕಾಯಿ ಹುಳಿ, ಈರುಳ್ಳಿ ಗೊಜ್ಜು, ದೋಸೆಗೆ ಹಚ್ಚುವ ಸಿಹಿ ಖಾರದ ಚಟ್ನಿ ಮಾಡಬಹುದು. ಮಾವಿನಕಾಯಿ ಕಾಲ ಮುಗಿದ ಮೇಲೆ ಹೆಸರುಬೇಳೆ ಕೋಸಂಬರಿಗೆ ಸಣ್ಣಗೆ ಹೆಚ್ಚಿ ಹಾಕಿ, ಜೊತೆಗೆ ಅರ್ಧ ಹೋಳು ನಿಂಬೆ. ಚಿತ್ರಾನ್ನಕ್ಕೆ ಹಾಕುವುದಾದರೆ ಒಗ್ಗರಣೆಯ ಕೊನೆಯಲ್ಲಿ, ಒಲೆ ಆರಿಸಿದ ಮೇಲೆ. ಬಿಸಿ ಎಣ್ಣೆಯಲ್ಲಿ ಸಕ್ಕರೆ ಸೀದು ಕಹಿಯಾಗುತ್ತದೆ. ಮೊಸರನ್ನಕ್ಕೆ ನೀವು ದಾಳಿಂಬೆ, ಪನ್ನೀರ್ ದ್ರಾಕ್ಷಿ ಹಾಕುತ್ತೀರಲ್ಲ, ಆ ಗುಂಪಿಗೆ ಇದನ್ನೂ ಸೇರಿಸಿ, ಆದರೆ ಬಡಿಸುವ ಹೊತ್ತಿಗೆ. ಮೊದಲೇ ಹಾಕಿಟ್ಟರೆ ಮೊಸರೆಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಎಲ್ಲಕ್ಕಿಂತ ಉಪ್ಪಿನಕಾಯಿ ನನಗೆ ಇಷ್ಟ: ತೊಳೆದು ಒರೆಸಿದ ಹಣ್ಣು, ಖಾರದ ಪುಡಿ, ಹುರಿದ ಮೆಂತ್ಯ, ಸಾಸಿವೆ ಪುಡಿ, ನಿಂಬೆರಸ, ಕಾದು ಆರಿದ ಎಳ್ಳೆಣ್ಣೆ. ನಾಲ್ಕು ದಿನ ಕೂತರೆ ಚಪಾತಿಗೆ ಸೊಗಸು. ಕವಳೆಕಾಯಿ ಉಪ್ಪಿನಕಾಯಿ ತಿಂದ ನಾಲಗೆಗೆ ಹತ್ತಿರದ ನೆಂಟನಂತೆ ಅನ್ನಿಸುತ್ತದೆ. ಅತ್ತೆ ಕಡೆ ಅದನ್ನು ಕಳಾಕಾಯಿ ಅನ್ನುತ್ತಾರೆ. ಪೊಟ್ಟಣ ಖಾಲಿಯಾದ ಮೇಲೆ ಈ ಹುಳಿಯ ಚಪಲ ಉಳಿದರೆ ಬೇಲಿಯ ಕವಳೆಕಾಯಿಯೇ ಸಾಕು. ಅಂದಹಾಗೆ ಬೀಡಾದ ಮೇಲೆ, ಬೇಕರಿ ಬನ್ನಿನ ಮೇಲೆ ಕೂರುವ ಕೆಂಪು ‘ಚೆರ್ರಿ’ ಎಷ್ಟೋ ಸಲ ಬಣ್ಣ ಹಾಕಿ ಪಾಕದಲ್ಲಿಟ್ಟ ಕವಳೆಕಾಯಿಯೇ. ಅದಕ್ಕೇ ಒಣ ಕ್ರ್ಯಾನ್‌ಬೆರಿಯನ್ನು ಲೇಬಲ್ ಇಲ್ಲದೆ ಬಿಡಿಯಾಗಿ ಮಾರುವ ಕಡೆ ಕೊಳ್ಳದಿರುವುದು ಮೇಲು.

ಹಾಕಬಾರದ ಕಡೆಯೂ ಇದೆ. ಕುದಿಯುವ ಹಾಲು ಪಾಯಸಕ್ಕೆ ಬೇಡ, ಹಾಲು ಒಡೆಯುತ್ತದೆ. ಹಾಕಲೇಬೇಕೆಂದರೆ ಪೂರ್ತಿ ಆರಿದ ಮೇಲೆ. ಅಡುಗೆ ಸೋಡ ಬೆರೆಸಿದ ಹಿಟ್ಟಿಗೆ ಬೇಡ. ಕ್ಷಾರ ತಗುಲಿದರೆ ಹಣ್ಣಿನ ಕೆಂಪು ಮಂಕಾಗಿ ನೀಲಿಗೆ ತಿರುಗುತ್ತದೆ, ಪಡ್ಡು ಬೂಸ್ಟು ಹಿಡಿದಂತೆ ಕಾಣುತ್ತದೆ. ಪುಳಿಯೋಗರೆಗೆ ಹುಣಸೆಯ ಬದಲು ಇದು ನಡೆಯದು, ಅಷ್ಟು ಹುಳಿ ಉಳಿದಿಲ್ಲ. ದಿಂಡಿಗಲ್ ಬಿರಿಯಾನಿಗಂತೂ ಕೈ ಹಾಕಬೇಡಿ. ಸೀರಗ ಸಾಂಬಾ ಅಕ್ಕಿಯ ಆ ಬಿರಿಯಾನಿಗೆ ಮೊಸರು ನಿಂಬೆಯ ಹುಳಿ ಇದೆ, ಸಿಹಿ ಅಲ್ಲಿಗೆ ಸಲ್ಲದು. ಪಳನಿ ಪಂಚಾಮೃತಕ್ಕೆ ಬಣ್ಣ ಬರಲೆಂದು ಸೇರಿಸುವ ಯೋಚನೆ ಬಂದರೆ ಅದನ್ನೂ ಬಿಡಿ. ಬೆಟ್ಟದ ಬಾಳೆ, ಬೆಲ್ಲ, ತುಪ್ಪ, ಜೇನು, ಏಲಕ್ಕಿಯಿಂದಾಗುವ ಆ ಪ್ರಸಾದಕ್ಕೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಅದು ಇದ್ದ ಹಾಗೇ ಚೆಂದ.

ಅತ್ತೆಯ ಮಾತಿಗೆ ಬರುತ್ತೇನೆ. ಆ ಮಾತು ನಿಮ್ಮ ತವರಿಗೆ ಬಿದ್ದ ಪೆಟ್ಟು ಎಂದು ನೀವು ನೊಂದಿದ್ದೀರಿ. ನಾನು ಅದನ್ನು ಬೆಳೆಗಾರರ ಮಾತಾಗಿ ಓದಿದೆ. ಪನ್ನೀರ್ ದ್ರಾಕ್ಷಿ ಅಂದರೆ ಮಸ್ಕಟ್ ಹ್ಯಾಂಬರ್ಗ್ ತಳಿ. ತೆಳು ಸಿಪ್ಪೆ, ಒಳಗೆ ಬೀಜ, ಕೊಯ್ದ ಮೇಲೆ ಹೆಚ್ಚು ದಿನ ತಾಳದು. ಹದ ತಪ್ಪಿ ಮಳೆ ಬಂದರೆ ಹಣ್ಣು ಗೊಂಚಲಲ್ಲೇ ಒಡೆಯುತ್ತದೆ. ವಿಜಯಪುರದವರು ಬೀಜವಿಲ್ಲದ ದ್ರಾಕ್ಷಿಯನ್ನು ಒಣಗಿಸಿ ಇಟ್ಟುಕೊಂಡು ದರ ಕಾಯುತ್ತಾರೆ. ಬೀಜದ ಪನ್ನೀರ್ ದ್ರಾಕ್ಷಿಯವರಿಗೆ ಆ ಉಪಾಯ ಅಷ್ಟಾಗಿ ಒದಗುವುದಿಲ್ಲ. ವರ್ಷವಿಡೀ ಕೊಯ್ಲು ಸಿಗುವ ಕಣಿವೆ ಎಂಬ ಹೆಸರಿದೆ, ವರ್ಷವಿಡೀ ದರದ ಚಿಂತೆಯೂ ಇದೆ. 2023ರಲ್ಲಿ ಕಂಬಂ ಪನ್ನೀರ್ ದ್ರಾಕ್ಷಿಗೂ ಭೌಗೋಳಿಕ ಸೂಚಕ ಸಿಕ್ಕಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಕ್ರ್ಯಾನ್‌ಬೆರಿ, ಬ್ಲೂಬೆರಿಗಳ ಆಮದು ಸುಂಕ ಇಳಿಸಲು ಭಾರತ ಒಪ್ಪಿಕೊಂಡಿತು. ಚಪ್ಪರದ ಹಣ್ಣಿಗೆ ಗಿರಾಕಿ ಇಲ್ಲದ ವಾರದಲ್ಲಿ ಹೊರದೇಶದ ಹಣ್ಣು ಅಡುಗೆಮನೆಗೇ ಬಂದು ಕೂತರೆ ಬೆಳೆದವರ ಹೊಟ್ಟೆ ಉರಿಯುವುದಿಲ್ಲವೇ? ನಿಮ್ಮ ಅಣ್ಣನ ಮೇಲಿನ ಸಿಟ್ಟಲ್ಲ ಅದು.

ಆದ್ದರಿಂದ ಅವರ ಮುಂದೆ ಆರೋಗ್ಯದ ಭಾಷಣ ಬೇಡ, ಯಜಮಾನರನ್ನು ನಡುವೆ ಪಂಚಾಯ್ತಿಗೆ ಕೂರಿಸುವುದೂ ಬೇಡ. ಪನ್ನೀರ್ ದ್ರಾಕ್ಷಿಯೂ ಫ್ರೆಂಚ್ ಪಾದ್ರಿಯೊಬ್ಬರು 1832ರಲ್ಲಿ ತಂದದ್ದಂತೆ ಎಂದು ವಾದಕ್ಕಿಳಿಯಬೇಡಿ. ಗೆದ್ದರೂ ಊಟ ಕೆಡುತ್ತದೆ. ಬೇಸಾಯದ ಮಾತು ತೆಗೆಯಿರಿ. ಕ್ರ್ಯಾನ್‌ಬೆರಿಯದ್ದು ನೆಲದ ಮೇಲೆ ಹರಡುವ ಬಳ್ಳಿ, ಮರಳು ಹಾಕಿದ ಜವುಗು ನೆಲ, ಕೊಯ್ಲಿನ ಕಾಲಕ್ಕೆ ಗದ್ದೆಗೆ ನೀರು ನಿಲ್ಲಿಸಿ ಬಳ್ಳಿ ಅಲ್ಲಾಡಿಸುತ್ತಾರೆ. ಹಣ್ಣಿನೊಳಗೆ ಗಾಳಿಯ ಗೂಡುಗಳಿರುವುದರಿಂದ ಉದುರಿದ್ದೆಲ್ಲ ಮೇಲಕ್ಕೆ ತೇಲುತ್ತದೆ, ಬಾಚಿ ತುಂಬಿಕೊಳ್ಳುತ್ತಾರೆ. ಪೆರಿಯಾರ್ ಅಣೆಕಟ್ಟೆಯ ನೀರು ಯಾವಾಗ ಬಿಡುತ್ತಾರೆಂದು ಕಾಯುತ್ತ ಬದುಕಿದವರಿಗೆ, ಹಣ್ಣಿನ ಮೇಲೆ ಒಂದು ಹನಿ ಹೆಚ್ಚಾದರೂ ಕೊಳೆಯುವ ಬೆಳೆ ಬೆಳೆದವರಿಗೆ, ಇದು ನಂಬಲಾಗದ ಕೊಯ್ಲು. ಅಮೆರಿಕದ ಕ್ರ್ಯಾನ್‌ಬೆರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ನಿಮ್ಮ ಅಣ್ಣ ಇರುವ ವಿಸ್ಕಾನ್ಸಿನ್ ರಾಜ್ಯದಲ್ಲೇ. ಅಕ್ಟೋಬರಿನಲ್ಲಿ ಒಂದು ಭಾನುವಾರ ಅವರು ಅಂಥ ತೋಟಕ್ಕೆ ಹೋಗಿ ವಿಡಿಯೊ ಕಾಲ್ ಮಾಡಲಿ, ಫೋನನ್ನು ನೇರ ಅತ್ತೆಯ ಕೈಗೆ ಕೊಡಿ. ದರ ಎಷ್ಟು, ಕೂಲಿ ಎಷ್ಟು, ಔಷಧಿ ಏನು ಹೊಡೆಯುತ್ತಾರೆ ಎಂದು ಅವರೇ ಕೇಳಿಕೊಳ್ಳುತ್ತಾರೆ.

ಗೊಜ್ಜು ಮಾಡುವ ದಿನ ಒಡೆದ ಪನ್ನೀರ್ ದ್ರಾಕ್ಷಿಯಲ್ಲಿ ಚೆನ್ನಾಗಿರುವುದನ್ನು ಆರಿಸಿ ದ್ರಾಕ್ಷಿ ಗೊಜ್ಜನ್ನೂ ಮಾಡಿ. ಬೇಯಿಸಿ, ಕಿವುಚಿ, ಜರಡಿ ಹಿಡಿದರೆ ಬೀಜ ಹೋಗುತ್ತದೆ, ಮಸಾಲೆ ಎರಡಕ್ಕೂ ಒಂದೇ. ಎರಡನ್ನೂ ಬಡಿಸಿ, ಯಾವುದು ಚೆನ್ನಾಗಿದೆ ಎಂದು ಕೇಳಬೇಡಿ. ಅತ್ತೆ ದ್ರಾಕ್ಷಿಯದ್ದನ್ನೇ ಹಾಕಿಸಿಕೊಂಡರೆ ಸಂತೋಷಪಡಿ.

ಅಣ್ಣನಿಗೆ ಸುಳ್ಳು ಹೇಳುವುದನ್ನು ಈ ವಾರವೇ ನಿಲ್ಲಿಸಿ. ‘ಅತ್ತೆ ಹಾಗೇ ತಿನ್ನಲ್ಲಣ್ಣ, ಗೊಜ್ಜು ಮಾಡ್ತಾ ಇದೀನಿ, ಉರಿಮೂತ್ರಕ್ಕೆ ಡಾಕ್ಟರ ಹತ್ರ ತೋರಿಸ್ತಾ ಇದೀವಿ’ ಎಂದರೆ ಸಾಕು, ಅವರಿಗೆ ಬೇಕಾದ್ದೂ ಅಷ್ಟೇ. ಮುಂದಿನ ಸಲ ತರುವುದಾದರೆ ಕಾಲು ಕಿಲೋ ಸಾಕೆನ್ನಿ. ‘ಸಕ್ಕರೆ ಇಲ್ಲ, ಸೇಬಿನ ರಸದಲ್ಲಿ ಸಿಹಿ ಮಾಡಿದ್ದು’ ಎಂಬ ಪೊಟ್ಟಣಕ್ಕೆ ಹೆಚ್ಚು ದುಡ್ಡು ಕೊಡುವುದು ಬೇಡ, ಮಾವನ ರಕ್ತಕ್ಕೆ ಅದೂ ಸಕ್ಕರೆಯೇ. ಈಗ ಇರುವುದನ್ನು ನಾಲ್ಕು ಪಾಲು ಮಾಡಿ ಗಾಳಿಯಾಡದ ಡಬ್ಬಿಗಳಲ್ಲಿ ತುಂಬಿ ಫ್ರಿಜ್ಜಿನಲ್ಲಿಡಿ, ಒಂದನ್ನು ಮಾತ್ರ ಹೊರಗಿಟ್ಟು ಬಳಸಿ. ಮೇಲೆ ಬಿಳಿ ಹರಳು ಕಂಡರೆ ಸಕ್ಕರೆ ಹೊರಬಂದದ್ದು, ಬಿಸಿನೀರಿಗೆ ಕರಗುತ್ತದೆ. ಹತ್ತಿಯಂಥ ಬೂಸ್ಟು ಕಂಡರೆ ಆ ಡಬ್ಬಿಯನ್ನು ಪೂರ್ತಿ ಚೆಲ್ಲಿ.